ಅಕ್ಷರದ ಪರದೆ, ಜಾಲದ ಬೀಗದಕೈ

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಗೋಡೆಯ ಪಕ್ಕದಲ್ಲಿರುವ ಚಿಕ್ಕ ಕಂಪ್ಯೂಟರನ್ನು ತಾವೆಲ್ಲರೂ ಬಲ್ಲಿರಿ. ಹೊರಗಿನಿಂದ ಬರುವ ಇಂಟರ್‌ನೆಟ್ಟನ್ನು ತೆಗೆದುಕೊಂಡು ಇಲ್ಲಿಯ ಮೇಜುಗಳಿಗೂ ಸದಸ್ಯರ ಮೊಬೈಲುಗಳಿಗೂ ಹಂಚುವುದೇ ಅದರ ಕೆಲಸ. ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ಅದು ನಡೆಯುತ್ತದೆ. ಬಣ್ಣದ ಚಿತ್ರಗಳಾಗಲಿ, ಕಿಟಕಿಗಳಾಗಲಿ ಅದಕ್ಕಿಲ್ಲ. ಅದು ತೋರುವುದು ಕರಿಯ ಪರದೆಯ ಮೇಲೆ ಬರಿಯ ಅಕ್ಷರಗಳನ್ನು. ಆ ಪರದೆಗೆ ಟರ್ಮಿನಲ್ ಎಂದು ಹೆಸರು. ಜಾಲಸಂಪರ್ಕವನ್ನು ಯಾರು ಬೇಕಾದರೂ ಸರಿಪಡಿಸಬಹುದಾದ ಅಕ್ಷರದ ಪಟ್ಟಿಯೊಂದನ್ನು ಆ ಪರದೆಗೆ ಕಟ್ಟಬೇಕೆಂದು ರಾತ್ರಿಶಾಲೆಯ ತರುಣರು ಮುಂದೆ ಬಂದಿದ್ದಾರೆ. ಆ ಕೆಲಸದ ರೀತಿ ಏನು, ಅದರಿಂದ ನಮಗೇನು ಎಂಬುದನ್ನು ತಮ್ಮ ಮುಂದಿಡಲು ನಾವು ನಿಂತಿದ್ದೇವೆ.

ಮೊದಲು ನಮಗೇನು ಎಂಬುದನ್ನೇ ನೋಡೋಣ. ಸಂಪರ್ಕ ಕಡಿದ ದಿನ ಇಲ್ಲಿ ಆಗುವುದೇನು? ಭವಿಷ್ಯನಿಧಿಯ ಲೆಕ್ಕ ನೋಡಲು ಬಂದವರು ಕೂಡುತ್ತಾರೆ. 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಗೆ ಬಂದವರು ಕೂಡುತ್ತಾರೆ. ಗಿರಣಿ ಕಾರ್ಮಿಕರ ಮನೆಗಳ ಲಾಟರಿಯಲ್ಲಿ ತಮ್ಮ ಹೆಸರು ಬಂದಿದೆಯೇ ಎಂದು ತಿಳಿಯಲು ಬಂದ ಹಿರಿಯರೂ ಕೂಡುತ್ತಾರೆ. ಆಜ್ಞೆಗಳನ್ನು ಬಾಯಿಪಾಠ ಮಾಡಿದ ಒಬ್ಬ ತರುಣ ಬಂದಾಗಲೇ ಕೆಲಸ. ಅವನೋ ಹೋಟೆಲಿನ ರಾತ್ರಿ ಪಾಳಿಯಲ್ಲಿ ಸಿಕ್ಕಿರುತ್ತಾನೆ. ರಜೆ ಕೇಳಿ ಬಂದವರ ಅರ್ಧ ದಿನದ ಸಂಬಳ ಹೀಗೆ ಕಾಯುವುದರಲ್ಲೇ ಕರಗುತ್ತದೆ. ಸಂಘದ ಬೀಗದಕೈ ಒಬ್ಬರ ಸೊಂಟದಲ್ಲಿ ಮಾತ್ರ ಇರಬಾರದೆಂದು ನಾವು ಹಣಕಾಸಿನಲ್ಲಿ ನಿಯಮ ಮಾಡಿಕೊಂಡಿದ್ದೇವೆ. ಜಾಲದ ಬೀಗದಕೈಗೂ ಅದೇ ನ್ಯಾಯ ಸಲ್ಲಬೇಡವೇ?

ಅಕ್ಷರದ ಪರದೆ ಹೊಸ ಸಂಗತಿಯಲ್ಲ. 1978ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ವಿಟಿ-100 ಎಂಬ ಟರ್ಮಿನಲನ್ನು ಹೊರತಂದಿತು. ಅದರಲ್ಲಿ 24 ಸಾಲು, ಸಾಲಿಗೆ 80 ಮನೆ; ಒಂದು ಮನೆಗೆ ಒಂದು ಅಕ್ಷರ. 27 ಎಂಬ ಸಂಖ್ಯೆಯ ವಿಶೇಷ ಚಿಹ್ನೆಯೊಂದನ್ನು ಮೊದಲು ಕಳಿಸಿ, ಅದರ ಹಿಂದೆ ಸಂಕೇತಗಳನ್ನು ಕಳಿಸಿದರೆ, ಅವು ಪರದೆಯ ಮೇಲೆ ಅಚ್ಚಾಗುವುದಿಲ್ಲ. 'ಐದನೆಯ ಸಾಲಿಗೆ ಹೋಗು', 'ಪರದೆಯನ್ನು ಒರೆಸು' ಎಂಬ ಅಪ್ಪಣೆಗಳಾಗುತ್ತವೆ. ಇಂದಿನ ಟರ್ಮಿನಲುಗಳೂ ಬಹುಮಟ್ಟಿಗೆ ಆ ಭಾಷೆಯನ್ನೇ ಆಡುತ್ತವೆ. ಅದೇ ಸುಮಾರಿಗೆ ಬರ್ಕಲಿ ವಿಶ್ವವಿದ್ಯಾಲಯದಲ್ಲಿ ಕೆನ್ ಆರ್ನಾಲ್ಡ್ ಎಂಬವರು 'ಕರ್ಸಸ್' ಎಂಬ ಸಲಕರಣೆಯನ್ನು ಬರೆದರು. ಅಂದಿನ ತಂತಿಗಳು ಬಹಳ ನಿಧಾನ. ಆದುದರಿಂದ ಕರ್ಸಸ್ ಹಳೆಯ ಪರದೆಯನ್ನೂ ಹೊಸ ಪರದೆಯನ್ನೂ ಹೋಲಿಸಿ, ಬದಲಾದ ಅಕ್ಷರಗಳನ್ನಷ್ಟೇ ಕಳಿಸುತ್ತಿತ್ತು. ಅದರ ಸಂತತಿಯೇ ಇಂದಿನ ಎನ್‌ಕರ್ಸಸ್. ಪೈಥಾನ್ ಭಾಷೆಯ ಜೊತೆಗೆ ಕರ್ಸಸ್ ಭಾಗವೂ ಬರುವುದರಿಂದ ನಮ್ಮ ತರುಣರು ಕಾಸು ಖರ್ಚು ಮಾಡಬೇಕಾಗಿಲ್ಲ.

ಇನ್ನು ಜಾಲದ ವಿಚಾರ. ಸಂಪರ್ಕ ಹಿಡಿಯುವ ನಿಜವಾದ ದುಡಿಮೆ ಈ ಪರದೆಯದಲ್ಲ. ಅದನ್ನು ಮಾಡುವುದು ಹಿಂದೆ ಕುಳಿತಿರುವ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಕಾರ್ಯಕ್ರಮ. ರೆಡ್ ಹ್ಯಾಟ್ ಕಂಪನಿಯವರು 2004ರಲ್ಲಿ ಅದನ್ನು ಆರಂಭಿಸಿದರು. ಹೋಟೆಲಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೋಸೆ ಹುಯ್ಯುವವರು ಒಳಗಿನ ಭಟ್ಟರು. ಮೇಜಿನಿಂದ ಆರ್ಡರ್ ತಂದು ಒಳಗೆ ಕೂಗುವವನು, ಆದದ್ದನ್ನು ಹೊರಗೆ ತಂದಿಡುವವನು ಮಾಣಿ. ನೆಟ್‌ವರ್ಕ್‌ಮ್ಯಾನೇಜರ್ ಭಟ್ಟರ ಸ್ಥಾನದಲ್ಲಿದೆ. ನಾವು ಕಟ್ಟುವ ಪರದೆ ಮಾಣಿ. ಮಾಣಿ ಮನೆಗೆ ಹೋದರೂ ಒಲೆ ಆರುವುದಿಲ್ಲ. ಹಾಗೆಯೇ ಪರದೆಯನ್ನು ಮುಚ್ಚಿದರೂ ಸಂಪರ್ಕ ನಿಂತಿರುತ್ತದೆ.

ಒಬ್ಬ ಭಟ್ಟರಿಗೆ ನಾಲ್ಕು ಮಾಣಿಗಳಿರಬಹುದು. ಸಾಲಿನಲ್ಲಿ ಆಜ್ಞೆ ಬರೆಯುವ ಎನ್‌ಎಂಸಿಎಲ್‌ಐ ಒಬ್ಬ ಮಾಣಿ. ಅಕ್ಷರದ ಪಟ್ಟಿ ತೋರುವ ಎನ್‌ಎಂಟಿಯುಐ ಇನ್ನೊಬ್ಬ. ಎನ್‌ಎಂಟಿಯುಐ ಇರುವಾಗ ಬೇರೆಯದು ಯಾಕೆ ಎಂದು ಅಧ್ಯಕ್ಷರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅದು ಒಳ್ಳೆಯ ಸಲಕರಣೆ. ನುರಿತವರ ಕೈಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ನಮ್ಮಲ್ಲಿ ಬೇಕಾದವು ಐದೇ ಕೆಲಸ: ಈಗಿನ ಸ್ಥಿತಿ ನೋಡು, ಕಟ್ಟಡದ ಸಂಪರ್ಕ ಹಿಡಿ, ಅದು ಹೋದರೆ ಸದಸ್ಯರ ಮೊಬೈಲಿನಿಂದ ಪಡೆ, ಹೊಸ ಪಾಸ್‌ವರ್ಡ್ ಕೊಡು, ಹಿಂದಿನಂತೆ ಮಾಡು. ವಿಳಾಸಗಳನ್ನೂ ದಾರಿಗಳನ್ನೂ ಕೈಯಿಂದ ತುಂಬುವ ಕಲಮುಗಳನ್ನು ಎಲ್ಲರ ಮುಂದೆ ಹರಡಿದರೆ ಹೆದರಿಕೆಯೇ ಹೆಚ್ಚಾದೀತು. ಇಂತಹದನ್ನು ಕಟ್ಟುವಾಗ ತರುಣರಿಗೆ ಆಗುವ ಕಲಿಕೆ ಬೇರೆ ಲಾಭ.

ಈಗ ಕಟ್ಟುವ ಕ್ರಮದಲ್ಲಿ ಮುಖ್ಯವಾದ ಮಾತು. ಅದು ಒಂದೇ: ಪರದೆ ಸುಳ್ಳು ಹೇಳಬಾರದು. ಮಾಣಿ ಅಡಿಗೆಮನೆಗೆ ಇಣುಕಿಯೂ ನೋಡದೆ 'ಬಂತು ಸ್ವಾಮೀ, ಬಂತು' ಎಂದರೆ ಗಿರಾಕಿ ಎಷ್ಟು ಹೊತ್ತು ನಂಬಿಯಾನು? ಸಂಪರ್ಕವಾಗುವುದು ಒಂದೇ ನೆಗೆತದಲ್ಲಲ್ಲ. ನೆಟ್‌ವರ್ಕ್‌ಮ್ಯಾನೇಜರ್ ಆ ಹೆಜ್ಜೆಗಳಿಗೆ ಅಂಕಿಗಳನ್ನು ಕೊಟ್ಟಿದೆ. ಸಂಪರ್ಕವಿಲ್ಲದಿದ್ದರೆ 30, ಸಿದ್ಧತೆಗೆ 40, ಪಾಸ್‌ವರ್ಡಿಗಾಗಿ ಕಾಯುತ್ತಿದ್ದರೆ 60, ವಿಳಾಸ ಪಡೆಯುತ್ತಿದ್ದರೆ 70, ಎಲ್ಲ ಮುಗಿದರೆ 100, ಸೋತರೆ 120. 60ರಲ್ಲಿ ನಿಂತರೆ ಪಾಸ್‌ವರ್ಡಿನ ಕಡೆ ನೋಡಬೇಕು. 70ರಲ್ಲಿ ನಿಂತರೆ ಆಚೆಯ ಪೆಟ್ಟಿಗೆ ವಿಳಾಸ ಕೊಡುತ್ತಿಲ್ಲ. ಇವೆರಡಕ್ಕೂ 'ಆಗಲಿಲ್ಲ' ಎಂಬ ಒಂದೇ ಮಾತು ಸಾಲದು. ಎಲ್ಲಿ ನಿಂತಿತು ಎಂದು ಹೇಳಿದರೆ ಏನು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಗಿರಣಿಯ ಹಿರಿಯರು ಇದನ್ನು ಬಲ್ಲರು. ನೂಲು ಹರಿದೊಡನೆ ಮಗ್ಗವನ್ನು ನಿಲ್ಲಿಸುವ ಏರ್ಪಾಡು ಇರುತ್ತಿತ್ತು. ಹರಿದ ಎಳೆ ಯಾವುದೆಂದು ಕಂಡರೆ ಗಂಟು ಹಾಕಲು ಎಷ್ಟು ಹೊತ್ತು?

100 ಬಂದ ಮಾತ್ರಕ್ಕೆ ಹೊರಜಗತ್ತು ಸಿಕ್ಕಿತೆಂದೂ ಅಲ್ಲ. ಪಕ್ಕದ ಪೆಟ್ಟಿಗೆಯವರೆಗೆ ತಂತಿ ಮುಟ್ಟಿರಬಹುದು, ಮುಂದೆ ಕಡಿದಿರಬಹುದು. ರೈಲು ನಿಲ್ದಾಣಗಳಲ್ಲಿ ಇರುವಂತೆ, ಮೊದಲು ಫೋನ್ ನಂಬರ್ ಕೊಟ್ಟು ಒಪ್ಪಿಗೆ ಪಡೆಯಬೇಕಾದ ಪುಟವೊಂದು ಅಡ್ಡ ನಿಂತಿರಬಹುದು. ನೆಟ್‌ವರ್ಕ್‌ಮ್ಯಾನೇಜರ್ ಇದನ್ನೂ ಬೇರೆಯಾಗಿ ಪರೀಕ್ಷಿಸಬಲ್ಲದು: ಏನೂ ಇಲ್ಲ, ಬಾಗಿಲಲ್ಲಿ ತಡೆ ಇದೆ, ಅರೆ ಇದೆ, ಪೂರ್ಣ ಇದೆ. ನಮ್ಮ ಪರದೆಯ ಮೊದಲ ಸಾಲಿನಲ್ಲಿ ಈ ಉತ್ತರವೇ ಇರಬೇಕು.

ಸತ್ಯದ ಎರಡನೆಯ ಮುಖ, ಸತ್ಯ ಹಳಸಬಾರದು ಎಂಬುದು. ಬೆಳಗಿನ ಪಟ್ಟಿಯನ್ನು ಸಂಜೆಯವರೆಗೆ ಗೋಡೆಯಲ್ಲಿ ಬಿಟ್ಟರೆ ಮುಗಿದ ತಿಂಡಿಗೂ ಆರ್ಡರ್ ಬರುತ್ತದೆ. ಸಂಪರ್ಕ ಬದಲಾದಾಗಲೆಲ್ಲ ನೆಟ್‌ವರ್ಕ್‌ಮ್ಯಾನೇಜರ್ ಡಿ-ಬಸ್ ಎಂಬ ದಾರಿಯಲ್ಲಿ ಸುದ್ದಿ ಕೂಗುತ್ತದೆ. ಪರದೆ ಆ ಕೂಗಿಗೆ ಕಿವಿಗೊಟ್ಟು ತನ್ನ ಬರಹವನ್ನು ತಿದ್ದಿಕೊಳ್ಳಬೇಕು. ಇನ್ನೊಂದು ಮಾತು. ವಿಳಾಸಕ್ಕಾಗಿ ನೆಟ್‌ವರ್ಕ್‌ಮ್ಯಾನೇಜರ್ ಸಾಮಾನ್ಯವಾಗಿ 45 ಸೆಕೆಂಡು ಕಾಯುತ್ತದೆ. ಅಷ್ಟು ಹೊತ್ತು ಪರದೆ ಕಲ್ಲಾಗಿ ಕುಳಿತರೆ ಬಂದವರು ಗಾಬರಿಯಿಂದ ಎಲ್ಲ ಗುಂಡಿಗಳನ್ನೂ ಒತ್ತುತ್ತಾರೆ. ಕಾಯುತ್ತಿದ್ದೇವೆ ಎಂದು ಹೇಳುತ್ತಲೂ ಇರಬೇಕು, 'ಬೇಡ, ಬಿಡು' ಎಂದರೆ ಕೇಳುತ್ತಲೂ ಇರಬೇಕು.

ಎಚ್ಚರಿಕೆಯ ನಾಲ್ಕು ಮಾತುಗಳನ್ನು ತರುಣರು ಗಂಟು ಹಾಕಿಕೊಳ್ಳಬೇಕು.

ಒಂದು, ಪಾಸ್‌ವರ್ಡ್. ಅದನ್ನು ಆಜ್ಞೆಯ ಸಾಲಿನಲ್ಲೇ ಸೇರಿಸಿ ಕಳಿಸಕೂಡದು. ನಡೆಯುತ್ತಿರುವ ಆಜ್ಞೆಗಳ ಪಟ್ಟಿಯನ್ನು ಅದೇ ಯಂತ್ರದ ಇತರರು ನೋಡಬಹುದು. ಕೇಳಿದಾಗ ಮರೆಯಲ್ಲಿ ಕೊಡುವ ದಾರಿ ಇದೆ; ಅದನ್ನೇ ಹಿಡಿಯಬೇಕು.

ಎರಡು, ಹೊರಗಿನವರು ಇಟ್ಟ ಹೆಸರುಗಳನ್ನು ನಂಬಕೂಡದು. ವೈ-ಫೈ ಹೆಸರಿಗೆ 32 ಬೈಟುಗಳ ಜಾಗವಿದೆ. ಅದರಲ್ಲಿ ಏನನ್ನು ಬೇಕಾದರೂ ತುಂಬಬಹುದು. ಆಗಲೇ ಹೇಳಿದ 27ನೆಯ ಚಿಹ್ನೆಯನ್ನೇ ಒಬ್ಬ ಕುಚೋದ್ಯಗಾರ ತುಂಬಿಟ್ಟರೆ, ಅವನ ಹೆಸರು ನಮ್ಮ ಪರದೆಗೆ ಅಪ್ಪಣೆಯಾಗಿ ಪರಿಣಮಿಸೀತು. ಅಂತಹ ಚಿಹ್ನೆಗಳನ್ನು ಸೋಸಿಯೇ ಬರೆಯಬೇಕು.

ಮೂರು, ಟರ್ಮಿನಲನ್ನು ಇದ್ದಂತೆ ಹಿಂದಿರುಗಿಸಬೇಕು. ಸಾಮಾನ್ಯವಾಗಿ ಅದು ಸಾಲು ಮುಗಿದು ಎಂಟರ್ ಒತ್ತುವವರೆಗೆ ಕಾಯುತ್ತದೆ. ನಮ್ಮ ಪರದೆಗಾಗಿ ಒಂದೊಂದು ಗುಂಡಿಯನ್ನೂ ಕೂಡಲೇ ಒಪ್ಪಿಸುವಂತೆ ಅದನ್ನು ಮಾರ್ಪಡಿಸುತ್ತೇವೆ. ಕಾರ್ಯಕ್ರಮ ನಡುವೆ ಮುರಿದು ಬಿದ್ದರೂ ಹಳೆಯ ರೀತಿ ಮರಳುವಂತೆ ಮೊದಲೇ ಏರ್ಪಡಿಸಬೇಕು. ಪಾಳಿ ಮುಗಿದ ಮೇಲೆ ಕಟ್ಟೆ ಒರೆಸಿಟ್ಟು ಹೋಗುವುದು ಮುಂದಿನ ಪಾಳಿಯವರಿಗೆ ತೋರುವ ಮರ್ಯಾದೆ.

ನಾಲ್ಕು, ಕುಳಿತ ಕೊಂಬೆಯನ್ನೇ ಕಡಿಯಬಾರದು. ನಮ್ಮ ಕಾರ್ಯದರ್ಶಿಗಳು ಮನೆಯಿಂದಲೇ ಜಾಲದ ಮೂಲಕ ಈ ಯಂತ್ರವನ್ನು ತೆರೆದು ಸಂಪರ್ಕವನ್ನು ಬದಲಿಸಿದರೆನ್ನಿ. ಬದಲಾವಣೆ ತಪ್ಪಾದರೆ ಅವರು ಬಂದ ದಾರಿಯೇ ಮುಚ್ಚಿತು. ಇನ್ನು ಸರಿಪಡಿಸುವವರು ಯಾರು? ಇದಕ್ಕೂ ನೆಟ್‌ವರ್ಕ್‌ಮ್ಯಾನೇಜರಿನಲ್ಲಿ ಉಪಾಯವಿದೆ. ಬದಲಿಸುವ ಮೊದಲು ಇದ್ದ ಸ್ಥಿತಿಯ ಗುರುತನ್ನು ಹಿಡಿದಿಟ್ಟು ಅವಧಿ ಗೊತ್ತುಮಾಡಬಹುದು. ಆ ಅವಧಿಯೊಳಗೆ 'ಸರಿಯಾಗಿದೆ' ಎಂಬ ಮಾತು ಬಾರದಿದ್ದರೆ ಹಿಂದಿನ ಸ್ಥಿತಿ ತಾನಾಗಿ ಮರಳುತ್ತದೆ. 'ಹಿಂದಿನಂತೆ ಮಾಡು' ಎಂಬ ನಮ್ಮ ಐದನೆಯ ಕೆಲಸಕ್ಕೆ ಇದೇ ಆಧಾರ. ಮುಟ್ಟಿದರೆ ಕೆಡುತ್ತದೆ ಎಂಬ ಭಯವೇ ನಮ್ಮವರನ್ನು ಯಂತ್ರದಿಂದ ದೂರವಿಟ್ಟಿರುವಾಗ, ಇದಕ್ಕಿಂತ ದೊಡ್ಡ ಅಭಯ ಬೇರೆ ಯಾವುದಿದೆ?

ಕೊನೆಯದಾಗಿ ನಮ್ಮ ನುಡಿಯ ಪ್ರಶ್ನೆ. ಪರದೆ ಕನ್ನಡದಲ್ಲಿರಬೇಕೆಂದು ಎಲ್ಲರ ಆಸೆ. ನೆಟ್‌ವರ್ಕ್‌ಮ್ಯಾನೇಜರಿನ ಮಾತುಗಳ ಕನ್ನಡ ಅನುವಾದ ಅದರ ಮೂಲದ ಜೊತೆಯಲ್ಲೇ ಇದೆ. ಯಾರೋ ಪುಣ್ಯಾತ್ಮರು ಕುಳಿತು ಮಾಡಿದ್ದಾರೆ. ಆದರೆ ನಮ್ಮ ಕರಿಯ ಪರದೆಯ ತೊಡಕು ಬೇರೆ. ಲಿನಕ್ಸಿನ ಬರಿಯ ಪರದೆ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಹಿಡಿದೀತು; ಒಂದರ ಕೆಳಗೊಂದು ಒತ್ತಕ್ಷರ ಜೋಡಿಸುವುದಂತೂ ಅದಕ್ಕೆ ಬಾರದು. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಆರು ಸಂಕೇತ. ಅದಕ್ಕೆ ಪರದೆಯ ಎಷ್ಟು ಮನೆ ಕೊಡಬೇಕೆಂಬುದರಲ್ಲಿ ಒಳ್ಳೆಯ ಟರ್ಮಿನಲುಗಳೂ ಎಡವುತ್ತವೆ. ಪಟ್ಟಿಯ ಗೆರೆಗಳು ಸೊಟ್ಟಗಾಗುತ್ತವೆ.

ಹಾಗೆಂದು ಕೈಕಟ್ಟಿ ಕೂಡಬೇಕೇ? ಬೇಡ. ಪರದೆಯ ಮೇಲೆ 1ರಿಂದ 5ರವರೆಗಿನ ಅಂಕಿಗಳು ಇರಲಿ. ಇಂಗ್ಲಿಷ್ ಮಾತು ಆದಷ್ಟು ಕಡಿಮೆ ಇರಲಿ. ಯಾವ ಅಂಕಿಗೆ ಏನು ಕೆಲಸ, 60 ಬಂದರೆ ಏನು ಮಾಡಬೇಕು, 70 ಬಂದರೆ ಏನು ಮಾಡಬೇಕು ಎಂಬುದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ರಟ್ಟಿನ ಮೇಲೆ ಬರೆದು ಯಂತ್ರದ ಪಕ್ಕದಲ್ಲಿ ತೂಗುಹಾಕೋಣ. ಪರದೆಯ ಮಾತುಗಳನ್ನು ಕಾರ್ಯಕ್ರಮದೊಳಗೆ ಹೂಳದೆ ಬೇರೆ ಕಡತದಲ್ಲಿ ಇಡೋಣ. ಟರ್ಮಿನಲುಗಳು ಕನ್ನಡವನ್ನು ನೆಟ್ಟಗೆ ಬರೆಯಲು ಕಲಿತ ದಿನ ನಮ್ಮ ಕನ್ನಡ ಸಿದ್ಧವಾಗಿ ಕಾದಿರಲಿ.

ಬಂಧುಗಳೇ, ಈ ಕೆಲಸ ಸರಿಯಾಯಿತೇ ಎಂದು ಅಳೆಯುವುದು ಸುಲಭ. ಕಟ್ಟಿದವರು ಯಾರೂ ಊರಿನಲ್ಲಿಲ್ಲದ ದಿನ ಸಂಪರ್ಕ ಕಡಿಯಲಿ. ತಟ್ಟೆ ಲೋಟ ತೊಳೆದು ಪಾಳಿ ಮುಗಿಸಿ ಬಂದ ಹುಡುಗನೊಬ್ಬನು ರಟ್ಟನ್ನು ಓದಿ, ಒಂದು ಅಂಕಿಯನ್ನು ಒತ್ತಿ, ಕಾದು ಕುಳಿತವರಿಗೆಲ್ಲ ಜಾಲವನ್ನು ಮರಳಿ ಕೊಡಲಿ. ಅಂದು ನಮ್ಮ ತರುಣರು ಗೆದ್ದರೆಂದು ತಿಳಿಯೋಣ. ಬರುವ ಭಾನುವಾರದಿಂದ ಪಾಠ ಆರಂಭವಾಗುತ್ತದೆ. ಕಟ್ಟುವವರೂ ಬನ್ನಿ, ಪ್ರಶ್ನೆ ಕೇಳುವವರೂ ಬನ್ನಿ. ಪ್ರಶ್ನೆ ಕೇಳುವವರಿಲ್ಲದೆ ಕಟ್ಟಿದ ಪರದೆ ಕಟ್ಟಿದವರಿಗೆ ಮಾತ್ರ ತಿಳಿದೀತು.