ಮಗ್ಗದ ಗುಂಡಿಗೆ ನೀರು ಬರುವ ದಾರಿ

ಉತ್ತರೆ, ಹಸ್ತ ಮಳೆಗಳು ಬಿಟ್ಟೂಬಿಡದೆ ಹಿಡಿದರೆ ಎಮ್ಮಿಗನೂರು, ನಂದವರಂ, ಆದೋನಿ ಸೀಮೆಯ ನೇಕಾರರ ಕೇರಿಗಳಲ್ಲಿ ಲಾಳಿಯ ಸದ್ದು ಅಡಗುತ್ತದೆ. ಮನೆಯ ನಡುಕೋಣೆಯೇ ಅಲ್ಲಿ ಕಾರ್ಖಾನೆ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಕಾರ ಗುಂಡಿಯ ಅಂಚಿನ ಮೇಲೆ ಕೂರುತ್ತಾನೆ. ತುಳಿಯುವ ಹಲಗೆಗಳು ಕೆಳಗೆ, ಉದ್ದೆಳೆಗಳ ಹಾಸು ಎದುರಿಗೆ, ನೆಲಕ್ಕೆ ತುಸು ಮೇಲೆ. ಆ ಗುಂಡಿಯಲ್ಲಿ ಅರ್ಧ ಅಡಿ ನೀರು ನಿಂತರೆ ಸಾಕು, ಆ ಮನೆಯ ವಾರದ ಕೂಲಿ ನಿಂತಂತೆಯೇ.

ತುಂಗಭದ್ರೆಯ ಬಲದಂಡೆಯ ಈ ಭಾಗಕ್ಕೂ ಮಗ್ಗಕ್ಕೂ ಹಳೆಯ ನಂಟು. 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವವರೆಗೆ ಆದೋನಿ ತಾಲೂಕು ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಇಂದಿಗೂ ಇಲ್ಲಿನ ಎಷ್ಟೋ ಮನೆಗಳಲ್ಲಿ ಕನ್ನಡ ಕೇಳಿಸುತ್ತದೆ. ಮಾಚಾನಿ ಸೋಮಪ್ಪನವರು 1938ರಲ್ಲಿ ಎಮ್ಮಿಗನೂರಿನಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. 1954ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನೂಲು ಒದಗಿಸುವುದು, ಬಟ್ಟೆ ಮಾರುವುದು ಸಂಘ ಹೊರಬಲ್ಲ ಭಾರ. ಮಾಳಿಗೆ ಸೋರುವುದನ್ನು, ಗುಂಡಿ ಒಸರುವುದನ್ನು ಮಾತ್ರ ಮನೆಯವರೇ ನೋಡಿಕೊಳ್ಳಬೇಕು.

ಹಾಗೆಂದು ಮಗ್ಗದ ಕೋಣೆ ಪೂರಾ ಒಣಗಿರಬೇಕೆಂದಲ್ಲ. ಹತ್ತಿಯ ನೂಲಿಗೆ ತೇವ ಬೇಕೇ ಬೇಕು. ಗಾಳಿಯಲ್ಲಿ ಶೇಕಡಾ 65ರಷ್ಟು ಆರ್ದ್ರತೆ ಇದ್ದಾಗ ಹತ್ತಿ ತನ್ನ ಒಣತೂಕದ ಸುಮಾರು ಶೇಕಡಾ 8.5ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೇವ ಹೀರಿದ ಹತ್ತಿಯ ಎಳೆ ಒಣ ಎಳೆಗಿಂತ ಗಟ್ಟಿ. ಏಪ್ರಿಲ್, ಮೇ ತಿಂಗಳ ಬಿಸಿಗಾಳಿಗೆ ಹಾಸಿನ ಎಳೆಗಳು ಪಟಪಟನೆ ಕಡಿಯುತ್ತವೆ. ಆಗ ನೇಕಾರರು ನೆಲಕ್ಕೆ ನೀರು ಚಿಮುಕಿಸುತ್ತಾರೆ, ಒದ್ದೆ ಗೋಣಿತಟ್ಟು ಹಾಸುತ್ತಾರೆ. ಗುಂಡಿಮಗ್ಗದ ಒಂದು ಗುಣವೂ ಇದೇ: ಗುಂಡಿಯ ತಂಪು ಹಾಸಿಗೆ ತಾಗುತ್ತಿರುತ್ತದೆ.

ತೊಂದರೆ ಶುರುವಾಗುವುದು ತಂಪು ಹೋಗಿ ನೀರು ಬಂದಾಗ. ಹಾಸಿಗೆ ಹಾಕಿದ ಗಂಜಿ ಮೆತ್ತಗಾಗಿ ಎಳೆಗೆ ಎಳೆ ಅಂಟುತ್ತದೆ, ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಉಕ್ಕಿನ ಹಣಿಗೆ ತುಕ್ಕು ಹಿಡಿದರೆ ಬಿಳಿ ಬಟ್ಟೆಯ ಮೇಲೆ ಉದ್ದಕ್ಕೂ ಕಂದು ಗೆರೆ. ಮರದ ಹಲಗೆಗಳು ಉಬ್ಬಿ ಬಿಗಿಯುತ್ತವೆ, ವಿನ್ಯಾಸ ಮೂಡಿಸುವ ಜಕಾರ್ಡಿನ ರಟ್ಟುಗಳು ಡೊಂಕಾಗುತ್ತವೆ.

ಸಿಮೆಂಟು ತರಲು ಓಡುವ ಮೊದಲು ಮಾಡಬೇಕಾದ ಕೆಲಸವೊಂದಿದೆ: ನೀರು ಎತ್ತ ಕಡೆಯಿಂದ ಬರುತ್ತಿದೆ ಎಂದು ತಿಳಿಯುವುದು. ಇದಕ್ಕೆ ಕಾಸು ಖರ್ಚಿಲ್ಲದ ಪರೀಕ್ಷೆ ಇದೆ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೇವ ಕಾಣುವ ಗೋಡೆಗೋ ನೆಲಕ್ಕೋ ಇಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಚ್ಚಬೇಕು. ಒಂದು ಹಗಲು, ಒಂದು ರಾತ್ರಿ ಬಿಟ್ಟು ನೋಡಬೇಕು. ಹನಿಗಳು ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆ ಕೂತಿದ್ದರೆ ನೀರು ನೆಲದೊಳಗಿಂದ, ಗೋಡೆಯೊಳಗಿಂದ ಬರುತ್ತಿದೆ. ಹಾಳೆಯ ಹೊರಮೈ ಒದ್ದೆಯಾಗಿ ಹಿಂಬದಿ ಒಣಗಿದ್ದರೆ ಅದು ಕೋಣೆಯ ಗಾಳಿಯಲ್ಲಿನ ಹಬೆ. ಅದಕ್ಕೆ ಕಿಟಕಿ ತೆರೆಯುವುದೇ ಮದ್ದು, ಗೋಡೆ ಒಡೆಯಬೇಕಾಗಿಲ್ಲ.

ಮೇಲಿಂದ ಬರುವ ನೀರಿನ ವಿಷಯದಲ್ಲಿ ಈ ಸೀಮೆಯ ಹಿರಿಯರಿಗಿದ್ದ ತಿಳಿವಳಿಕೆ ದೊಡ್ಡದು. ಬಳ್ಳಾರಿ, ರಾಯಚೂರು, ಕರ್ನೂಲು ಕಡೆಯ ಹಳೆಯ ಮನೆಗಳದು ಮಣ್ಣಿನ ಮಾಳಿಗೆ. ತೊಲೆ, ಜಂತಿಗಳ ಮೇಲೆ ಕಲ್ಲುಚಪ್ಪಡಿ ಇಲ್ಲವೇ ಕಟ್ಟಿಗೆ ಹೊದಿಸಿ, ಅದರ ಮೇಲೆ ಮಣ್ಣು ಬಡಿದು, ಎಲ್ಲಕ್ಕೂ ಮೇಲೆ ಸವಳು ಮಣ್ಣು ಹರವುತ್ತಾರೆ. ಬೆಳೆಗೆ ಒಲ್ಲದ ಮಣ್ಣು ಮಾಳಿಗೆಗೆ ಒಗ್ಗಲು ಕಾರಣ ಸೋಡಿಯಂ. ಸೋಡಿಯಂ ಹೆಚ್ಚಿರುವ ಜೇಡಿ ನೀರು ಬಿದ್ದೊಡನೆ ಉಬ್ಬಿ, ಅದರ ನುಣುಪು ಕಣಗಳು ಬಿಡಿಬಿಡಿಯಾಗಿ ಚೆದರಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮೊದಲ ಮಳೆಗೇ ಮೇಲ್ಪದರ ಬಿಗಿದುಕೊಂಡು, ಮುಂದಿನ ನೀರು ಒಳಗಿಳಿಯದೆ ಹರನಾಳಿಗೆಯ ದಾರಿ ಹಿಡಿಯುತ್ತದೆ. ಹೊಲದಲ್ಲಿ ನೀರು ಇಂಗಗೊಡದೆ ಬೆಳೆ ಕೆಡಿಸುವ ಗುಣವೇ ಇಲ್ಲಿ ಮನೆ ಕಾಯುತ್ತದೆ. ಪಾಠಪುಸ್ತಕದ ರಸಾಯನಶಾಸ್ತ್ರವಿಲ್ಲದೆ ಇದನ್ನು ಕಂಡುಕೊಂಡವರಿಗೆ ಗೌರವ ಸಲ್ಲಬೇಕು. ಆದರೆ ಈ ಪದರ ಮಳೆಗೆ ಸವೆಯುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೃಗಶಿರ ಮಳೆಗೆ ಮೊದಲು ಹುಲ್ಲು ಕಿತ್ತು, ಬಿರುಕು ತುಂಬಿ, ಹೊಸ ಸವಳು ಹರವುವುದು ವರ್ಷವರ್ಷದ ಕೆಲಸ. ಮಳೆ ಶುರುವಾದ ಮೇಲೆ ಮಾಳಿಗೆ ಹತ್ತಿ ತುಳಿದಾಡಿದರೆ ಇದ್ದ ಪದರವೂ ಕೆಡುತ್ತದೆ.

ಮಾಳಿಗೆ ತೆಗೆದು ತಗಡಿನ ಶೀಟು ಹಾಕಿಸಿದವರಿಗೆ ಬೇರೆ ತರದ ಸೋರಿಕೆ. ಶೀಟಿನ ಮೊಳೆ, ಸ್ಕ್ರೂಗಳು ಉಬ್ಬಿನ ಮೇಲೆ ಇರಬೇಕೇ ಹೊರತು ನೀರು ಹರಿಯುವ ತಗ್ಗಿನಲ್ಲಲ್ಲ. ಸ್ಕ್ರೂ ಕೆಳಗಿನ ರಬ್ಬರ್ ವಾಷರು ಇಲ್ಲಿನ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಸೋರುವ ಶೀಟು ಬದಲಿಸುವ ಮುನ್ನ ವಾಷರು ಬದಲಿಸಿ ನೋಡುವುದು ಲೇಸು. ಮಳೆಯೇ ಇಲ್ಲದ ರಾತ್ರಿಯ ನಂತರ ಬೆಳಗ್ಗೆ ತಗಡಿನಿಂದ ಹನಿ ಉದುರಿದರೆ ತೂತು ಹುಡುಕಬೇಕಿಲ್ಲ. ತಣ್ಣಗಾದ ತಗಡಿಗೆ ಕೋಣೆಯ ಹಬೆ ತಾಗಿ ನೀರಾಗಿದೆ. ಸೂರಿನಡಿ ಗಾಳಿಗೆ ದಾರಿ ಬಿಟ್ಟರೆ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಕೆಳಗಿನ ನೀರು. ಆದೋನಿಯ ಹತ್ತಿ ಮಾರುಕಟ್ಟೆಗೆ ಹೆಸರು ತಂದ ಎರೆಭೂಮಿಯೇ ಮಗ್ಗದ ಗುಂಡಿಗೆ ವೈರಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಉಬ್ಬುವಾಗ ಗುಂಡಿಯ ಬದಿಗಳನ್ನು ಒಳಕ್ಕೆ ನೂಕುತ್ತದೆ. ಬಿರಿದ ಸೀಳುಗಳೇ ಮುಂದಿನ ಮಳೆಯ ನೀರಿಗೆ ಕಾಲುವೆ. ಒಳಗಡೆಯಿಂದ ನೀರು ತಡೆಯುವ ಬಣ್ಣ ಬಳಿಯುವುದು ದುಡ್ಡು ದಂಡ. ಹಿಂದಿನಿಂದ ಒತ್ತುವ ನೀರು ಆ ಬಣ್ಣವನ್ನು ಹೊಪ್ಪಳೆ ಹೊಪ್ಪಳೆಯಾಗಿ ಕಳಚುತ್ತದೆ. ಮಾಡುವುದಾದರೆ ಬೇಸಿಗೆಯಲ್ಲಿ, ಮಗ್ಗ ಎತ್ತಿಟ್ಟು, ಗುಂಡಿಯನ್ನು ಸುತ್ತಲೂ ಒಂದಡಿ ಹೆಚ್ಚಿಗೆ ಅಗೆಯಬೇಕು. ತಳದಲ್ಲಿ ಜಲ್ಲಿ ಹಾಕಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಹಾಸಿ ಬದಿಗಳಿಗೂ ಎಳೆದುಕೊಳ್ಳಬೇಕು. ಅದರೊಳಗೆ ಕಲ್ಲುಚಪ್ಪಡಿ ಅಥವಾ ಇಟ್ಟಿಗೆ ಕಟ್ಟಿ, ಹಿಂದಿನ ಸಂದಿಗೆ ಎರೆಮಣ್ಣು ವಾಪಸು ತುಂಬದೆ ಉಬ್ಬದ ಗರಸು ತುಂಬಬೇಕು. ಒಂದು ಮೂಲೆಯಲ್ಲಿ ತಂಬಿಗೆ ಇಳಿಯುವಷ್ಟು ಚಿಕ್ಕ ಕುಳಿ ಬಿಟ್ಟರೆ ಬಂದ ನೀರು ಅಲ್ಲಿ ಕೂಡಿ ಮೊಗೆಯಲು ಬರುತ್ತದೆ. ಇಂಗುಗುಂಡಿಯ ಆಸೆ ಬೇಡ. ತೊಯ್ದ ಎರೆಮಣ್ಣು ನೀರನ್ನು ಇಂಗಿಸಿಕೊಳ್ಳುವುದಿಲ್ಲ.

ಇಷ್ಟೆಲ್ಲ ಕೈಲಾಗದವರು ಮನೆಯ ಹೊರಗೆ ಕೆಲಸ ಮಾಡಿಸಿದರೂ ಅರ್ಧ ಗೆದ್ದಂತೆ. ಗೋಡೆಗೆ ಹತ್ತಿಕೊಂಡು ಎರಡು ಮೂರು ಅಡಿ ಅಗಲಕ್ಕೆ ಹೊರಕ್ಕೆ ಇಳಿಜಾರಾಗಿ ಕಲ್ಲು ಹಾಸಿ, ಹರನಾಳಿಗೆಯ ನೀರು ಅದರಾಚೆ ಬೀಳುವಂತೆ ಮಾಡಿದರೆ ಪಾಯದ ಬುಡಕ್ಕೆ ಹೋಗುವ ನೀರೇ ತಗ್ಗುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಕಂಡ ಕೂಡಲೇ ಸಿಮೆಂಟು ಮೆತ್ತುವ ರೂಢಿಯನ್ನೂ ಬಿಡಬೇಕು. ಹಳೆಯ ಮಣ್ಣು, ಕಲ್ಲಿನ ಗೋಡೆಗೆ ಸಿಮೆಂಟು ಬಿಗಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಇನ್ನೂ ಮೇಲಕ್ಕೆ ಏರುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ.

ಒದ್ದೆ ಕೋಣೆಯಲ್ಲಿ ವಿದ್ಯುತ್ ಇದೆಯೆಂಬುದನ್ನು ಮರೆಯುವಂತಿಲ್ಲ. ಗುಂಡಿಯಲ್ಲಿ ಕಾಲು, ತಲೆಯ ಮೇಲೆ ಬಲ್ಬು, ಪಕ್ಕದ ತೇವದ ಗೋಡೆಯಲ್ಲಿ ಸ್ವಿಚ್ಚು ಇದ್ದರೆ ಅದು ಜೀವದ ಪ್ರಶ್ನೆ. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿಯನ್ನು ಮೀಟರಿನ ಬಳಿ ಹಾಕಿಸುವುದು ಮಗ್ಗದ ಮನೆಗೆ ಅಗತ್ಯ.

ಮನೆಯವರ ಕೈ ಮೀರಿದ ನೀರೂ ಉಂಟು. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಉಕ್ಕಿ ಮಂತ್ರಾಲಯ, ಕರ್ನೂಲು ನಗರ ಮುಳುಗಿದಾಗ ನಂದವರಂ ಮಂಡಲದ ಹೊಳೆದಂಡೆಯ ನಾಗಲದಿನ್ನೆಯೂ ನೀರಿಗೆ ಸಿಕ್ಕಿತು. 2019ರ ಆಗಸ್ಟಿನಲ್ಲಿ ಮಲಪ್ರಭೆಯ ಪ್ರವಾಹ ಬೆಳಗಾವಿ ಜಿಲ್ಲೆಯ ರಾಮದುರ್ಗದ ನೇಕಾರರ ಮನೆಗಳಿಗೆ ನುಗ್ಗಿತು. ಅಂಥ ದಿನ ಉಳಿಸಿಕೊಳ್ಳಲು ಸಾಧ್ಯವಾಗುವುದು ಎತ್ತರದಲ್ಲಿಟ್ಟ ನೂಲು, ಹಣಿಗೆ, ರಟ್ಟುಗಳನ್ನಷ್ಟೇ.

ಪ್ರತಿ ಮಳೆಗಾಲದ ನೀರು ಮಾತ್ರ ಪ್ರವಾಹದ್ದಲ್ಲ, ಬೀದಿಯದು. ಹಳೆಯ ಸಿಮೆಂಟು ರಸ್ತೆಯ ಮೇಲೆಯೇ ಹೊಸದನ್ನು ಹಾಕುತ್ತ ಹೋದರೆ ಬೀದಿ ಏರುತ್ತದೆ, ಮನೆಯ ಹೊಸ್ತಿಲು ತಗ್ಗಿಗೆ ಬೀಳುತ್ತದೆ, ಬೀದಿಯ ನೀರು ಮಗ್ಗದ ಗುಂಡಿಗೆ ಇಳಿಯುತ್ತದೆ. ನೇಕಾರರಿಗೆ ಮಗ್ಗದ ಶೆಡ್ ಕಟ್ಟಿಕೊಳ್ಳಲು ಕೇಂದ್ರದ ರಾಷ್ಟ್ರೀಯ ಕೈಮಗ್ಗ ಅಭಿವೃದ್ಧಿ ಕಾರ್ಯಕ್ರಮದಲ್ಲಿ ನೆರವು ಇದೆ. ಅರ್ಹರು ಅದನ್ನು ಕೇಳಿ ಪಡೆಯಬೇಕು. ಪಂಚಾಯಿತಿಗಳೂ ನೇಕಾರರ ಕೇರಿಯಲ್ಲಿ ರಸ್ತೆ ಮಾಡುವಾಗ ಹಳೆಯದನ್ನು ಅಗೆದು ತೆಗೆದ ಮೇಲೆಯೇ ಹೊಸದನ್ನು ಹಾಕಲಿ, ಚರಂಡಿಯನ್ನು ಹೊಸ್ತಿಲಿಗಿಂತ ಕೆಳಗಿಡಲಿ. ಈ ಒಂದು ಮಾತನ್ನು ಕೇಳುಗರು ತಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಎತ್ತಬೇಕು.