ಮೀನಿನ ಹೊಂಡಕ್ಕೆ ಬರುವ ಹಕ್ಕಿಗಳು: ಸದಸ್ಯರೊಡನೆ ಒಂದೆರಡು ಮಾತು



ಹಸುಗಳ ಜೊತೆಗೆ ಮೀನನ್ನೂ ಸಾಕುವವರು ನಮ್ಮಲ್ಲಿದ್ದೀರಿ. ಕೊಟ್ಟಿಗೆಯ ಸಗಣಿ ಹೊಂಡಕ್ಕೆ ಗೊಬ್ಬರ. ಅದರಿಂದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಾಟ್ಲಾ, ರೋಹು ಮೀನುಗಳಿಗೆ ಆಹಾರವಾಗುತ್ತವೆ. ಆದರೆ ಬಿಟ್ಟ ಮರಿಗಳನ್ನೆಲ್ಲ ಹಕ್ಕಿಗಳೇ ತಿಂದವು ಎಂಬ ದೂರೂ ಇದೆ.

ದೂರು ಸುಳ್ಳಲ್ಲ. ನೀರುಕಾಗೆ ಮುಳುಗಿ ಹಿಡಿಯುತ್ತದೆ. ಬಕ, ಬೆಳ್ಳಕ್ಕಿಗಳು ದಡದ ತೆಳು ನೀರಿನಲ್ಲಿ ಹೊಂಚು ಹಾಕುತ್ತವೆ. ಮಿಂಚುಳ್ಳಿ ಮೇಲಿನಿಂದ ಎರಗುತ್ತದೆ. ಬೆರಳುದ್ದದ ಮರಿಗಳು ಇವಕ್ಕೆ ಸುಲಭದ ತುತ್ತು.

ಆದರೆ ಬೆಳಗಿನ ಜಾವ ಹಕ್ಕಿಗಳು ಇದ್ದಕ್ಕಿದ್ದಂತೆ ಗುಂಪುಗೂಡಿದರೆ, ಕೋಲು ಹಿಡಿದು ಓಡುವ ಮೊದಲು ನೀರನ್ನು ನೋಡಿ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆಯೇ? ಹಾಗಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ. ಸಗಣಿ ಅತಿಯಾದರೆ ಹೀಗಾಗುತ್ತದೆ. ಹಕ್ಕಿ ಕಳ್ಳನೇ ಇರಬಹುದು, ಬಾಗಿಲು ತೆರೆದಿಟ್ಟವರು ನಾವು. ಸಗಣಿ ಹಾಕುವುದನ್ನು ಕೂಡಲೇ ನಿಲ್ಲಿಸಿ, ಹೊಸ ನೀರು ಬಿಡಿ. ಬರೀ ಹಕ್ಕಿಯನ್ನು ಓಡಿಸಿ ಮನೆಗೆ ಬಂದರೆ, ಉಳಿದ ಮೀನುಗಳೂ ಉಸಿರುಕಟ್ಟಿ ಸಾಯಬಹುದು.

ಇನ್ನು ಕೆಲವು ಉಪಾಯಗಳು:

1. ಮರಿಗಳನ್ನು ಬಲೆ ಮುಚ್ಚಿದ ಸಣ್ಣ ಹೊಂಡದಲ್ಲಿ ಸಾಕಿ, 10 ಸೆಂ.ಮೀ. ದಾಟಿದ ಮೇಲೆ ದೊಡ್ಡ ಹೊಂಡಕ್ಕೆ ಬಿಡಿ.

2. ದಡದ ಅಂಚಿನಲ್ಲಿಯೇ ನೀರು ಆಳವಾಗಿರಲಿ. ಬಕಕ್ಕೆ ಕಾಲೂರಲು ಜಾಗವಿರುವುದಿಲ್ಲ.

3. ನೀರುಕಾಗೆ ರೆಕ್ಕೆ ಒಣಗಿಸಲು ಕೂರುವ ಗೂಟ, ಒಣಕೊಂಬೆಗಳನ್ನು ತೆಗೆಯಿರಿ.

4. ಬೆದರುಬೊಂಬೆಯನ್ನು ಆಗಾಗ ಬೇರೆಡೆಗೆ ಬದಲಿಸಿ. ಒಂದೇ ಕಡೆ ನಿಂತ ಬೊಂಬೆಗೆ ಹಕ್ಕಿ ಬೇಗ ಒಗ್ಗಿಕೊಳ್ಳುತ್ತದೆ.

5. ಬಲೆಯನ್ನು ಬಿಗಿಯಾಗಿ ಕಟ್ಟಿ. ಸಿಕ್ಕಿಕೊಂಡ ಹಕ್ಕಿ ಇದೆಯೇ ಎಂದು ದಿನವೂ ನೋಡಿ.

ಕೈಮುಗಿದು ಹೇಳುವ ಮಾತೊಂದಿದೆ. ಸಿಟ್ಟಿನ ಭರದಲ್ಲಿ ಯಾರೂ ವಿಷ ಇಡಬೇಡಿ. ಹಕ್ಕಿಗಿಟ್ಟ ಕೀಟನಾಶಕ ಹೊಂಡಕ್ಕೆ ಸೇರಿದರೆ ಮೀನು ಸಾಯುತ್ತದೆ. ಅದೇ ನೀರು ಕುಡಿಯುವ ಹಸುವಿಗೂ, ಅದರ ಹಾಲು ಕುಡಿಯುವ ಮಕ್ಕಳಿಗೂ ಅಪಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈ ಹಕ್ಕಿಗಳನ್ನು ಕೊಲ್ಲುವುದು ಅಪರಾಧವೂ ಹೌದು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೆನೆಯಿರಿ. ಅಲ್ಲಿ ಮನೆಯಂಗಳದ ಮರಗಳಲ್ಲೇ ಹೆಜ್ಜಾರ್ಲೆ, ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವೂ ಮೀನು ತಿನ್ನುವ ಹಕ್ಕಿಗಳೇ. ಊರವರು ಅವನ್ನು ಓಡಿಸಲಿಲ್ಲ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡರು.

ಹಕ್ಕಿಗೆ ಹೋಗುವ ನಾಲ್ಕು ಮೀನನ್ನು ಪೂರ್ತಿ ತಪ್ಪಿಸಲಾಗದು. ನಮ್ಮ ಅಜಾಗ್ರತೆಯಿಂದ ಹೋಗುವ ನಾನೂರನ್ನು ಖಂಡಿತ ತಪ್ಪಿಸಬಹುದು. ನಾಳೆ ಬೆಳಿಗ್ಗೆ ಹಾಲು ಹಾಕಲು ಡೇರಿಗೆ ಹೊರಡುವಾಗ, ಒಮ್ಮೆ ಹೊಂಡದ ಕಡೆಗೂ ಹೋಗಿ ಬನ್ನಿ.