ಬಿಳಿ ರಣಹದ್ದಿನ ಕಂದು ಮರಿ



ರಾಮನಗರದ ರಾಮದೇವರಬೆಟ್ಟವು 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ಅಲ್ಲಿ ಆಕಾಶವನ್ನು ನೋಡುತ್ತ ನಿಂತಾಗ ನಮಗೊಂದು ಭ್ರಮೆಯು ಸಹಜವಾಗಿ ಉಂಟಾಗುವುದು. ಬಿಳಿ ರಣಹದ್ದೆಂಬ ಹೆಸರನ್ನು ನಂಬಿ ನಾವು ಬಿಳಿಯ ಹಕ್ಕಿಯನ್ನೇ ಹುಡುಕುವೆವು. ಕಂದುಬಣ್ಣದ್ದು ಸುಳಿದರೆ ಸಾಮಾನ್ಯ ಹದ್ದೆಂದು ಬಿಟ್ಟುಬಿಡುವೆವು. ಅದು ಬಿಳಿ ರಣಹದ್ದಿನ ಮರಿಯೇ ಆಗಿರಬಹುದು!

ಗೂಡು ಬಿಟ್ಟ ಮರಿಗೆ ಗರಿಗಳೆಲ್ಲ ಕಡುಗಂದು, ಮುಖದ ಚರ್ಮ ಬೂದು. ಹಳೆಯ ಗರಿಗಳು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಉದುರಿ, ಅವುಗಳ ಎಡೆಯಲ್ಲಿ ಬೆಳ್ಳಗಿನವು ಮೂಡುವುವು. ಆದುದರಿಂದ ಬೆಳೆಯುತ್ತಿರುವ ಹಕ್ಕಿಯ ಮೈಯೆಲ್ಲ ಕಂದು ಬಿಳುಪುಗಳ ಮಚ್ಚೆ. ಸುಮಾರು 5 ವರ್ಷಕ್ಕೆ ಮೈ ಬೆಳ್ಳಗಾಗಿ ಮುಖವು ಹಳದಿಯಾಗುವುದು. ರೆಕ್ಕೆಯ ಹಾರುಗರಿಗಳು ಮಾತ್ರ ಕಪ್ಪು.

ಬಣ್ಣವು ಮೋಸಗೊಳಿಸಿದರೂ ಆಕಾರವು ಮೋಸಗೊಳಿಸದು. ಹದ್ದಿನ ಬಾಲದ ತುದಿಯು ಕವಲೊಡೆದಿರುವುದು. ಬಿಳಿ ರಣಹದ್ದಿನ ಬಾಲವು ಯಾವ ವಯಸ್ಸಿನಲ್ಲಿಯೂ ಬೆಣೆಯಂತಿರುವುದು. ಕೊಕ್ಕು ತೆಳ್ಳಗೆ, ನೀಳವಾಗಿರುವುದು.

ಇಷ್ಟು ಸೂಕ್ಷ್ಮವೇಕೆ ಎನ್ನುವಿರಾ? ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಮದ್ದು, ಸತ್ತ ದನದ ಮಾಂಸದ ಮೂಲಕ ನಮ್ಮ ದೇಶದ ರಣಹದ್ದುಗಳನ್ನು ಅಪಾರವಾಗಿ ಕೊಂದಿತು. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯು ನಿಷಿದ್ಧವಾಯಿತು. ಉಳಿದವು ವೃದ್ಧಿಯಾಗುತ್ತಿವೆಯೇ ಎಂಬುದಕ್ಕೆ ಮರಿಗಳೇ ಸಾಕ್ಷಿ. ಕಂದು ಮರಿಯನ್ನು ಹದ್ದೆಂದು ಬರೆದುಕೊಂಡರೆ, ಆ ಸಾಕ್ಷಿಯನ್ನೇ ನಾವು ಅಳಿಸಿದಂತಾಗುವುದು.